ಹತ್ತು ಮಂದಿಯ ದಳದಲ್ಲಿ ಓಂಕಾರಪ್ಪ

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಅಜ್ಜಂಪುರದ ರಕ್ಷಣೆಯ ಭಾರ ನನ್ನ ಹೆಗಲಿಗೆ ಬಿತ್ತು. ನಾನು ಅಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಊರಿಗೊಂದು ಸ್ವಯಂಸೇವಕರ ಕಾವಲು ದಳ ಕಟ್ಟಬೇಕೆಂದು ತರೀಕೆರೆಯಿಂದ ಕಾಗದ ಬಂದಿತ್ತು. ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ ತಪ್ಪಿಗೆ ನಾಯಕನಾದೆ.

ಮೊದಲ ದಿನ ಹತ್ತು ಜನ ಹೆಸರು ಕೊಟ್ಟರು. ಎರಡನೆಯ ದಿನ ರಾಗಿ ಒಕ್ಕಣೆ ಶುರುವಾಯಿತು. ಮೂರನೆಯ ದಿನ ಉಳಿದವನು ಟೈಲರ್ ಓಂಕಾರಪ್ಪ ಒಬ್ಬನೇ, ಅವನಿಗೆ ಹೊಲವಿರಲಿಲ್ಲ. ಆದರೂ ತರೀಕೆರೆಗೆ ಕಳಿಸಿದ ವರದಿಯಲ್ಲಿ 'ಹತ್ತು ಮಂದಿ ಸನ್ನದ್ಧ' ಎಂದೇ ಬರೆದೆ. ನಮ್ಮ ಬಲಹೀನತೆ ಶತ್ರುವಿಗೆ ತಿಳಿಯಬಾರದಲ್ಲ!

ಶತ್ರು ಬರಲಿಲ್ಲ, ಕಾವಲು ತಪಾಸಣೆಗೆ ತಾಲ್ಲೂಕಿನ ಅಮಲ್ದಾರರು ಬಂದರು.

ರೈಲ್ವೆ ಸ್ಟೇಷನ್ನಿನಲ್ಲಿ ಓಂಕಾರಪ್ಪ ಖಾಕಿ ಅಂಗಿ ತೊಟ್ಟು, ಲಾಠಿ ಹಿಡಿದು ಸೆಲ್ಯೂಟ್ ಹೊಡೆದ. ಅವರಿಗೆ ಕಾಫಿ ಕೊಡಿಸಿ, ಅಷ್ಟರಲ್ಲಿ ಅವನನ್ನು ನನ್ನ ಸೈಕಲ್ಲಿನಲ್ಲಿ ನೀರಿನ ಟ್ಯಾಂಕಿಗೆ ಓಡಿಸಿದೆ. ಅಲ್ಲಿ ತಲೆಗೆ ಟವಲು ಸುತ್ತಿ ನಿಂತಿದ್ದ. ಮೊದಲಿನವನ ತಮ್ಮ ಎಂದು ಪರಿಚಯಿಸಿದೆ. ಮೂರನೆಯ ಜಾಗ ಗೋಡೌನು. ದಾರಿಯಲ್ಲಿ ಸೈಕಲ್ ಚೈನು ಕಳಚಿತು. ಜೀಪು ಮೊದಲು ತಲುಪಿತು. ಹಿಂದೆಯೇ ಓಂಕಾರಪ್ಪ ಸೈಕಲ್ ತಳ್ಳಿಕೊಂಡು, ಏದುಸಿರು ಬಿಡುತ್ತಾ ಬಂದ.

"ಇವನು ಮೂರನೇ ಸಹೋದರನೋ?" ಎಂದರು ಅಮಲ್ದಾರರು.

"ಇಲ್ಲ ಸ್ವಾಮಿ, ಬೆಳಗ್ಗಿಂದ ಮೂರೂ ಜನ ನಾನೇ."

ಅಮಲ್ದಾರರು ಬೈಯಲಿಲ್ಲ. ಜೇಬಿನಿಂದ ಒಂದು ಆದೇಶ ತೆಗೆದು ನನ್ನ ಕೈಗಿಟ್ಟರು. ಅಜ್ಜಂಪುರದಲ್ಲಿ ಹತ್ತು ಮಂದಿ ಇರುವುದರಿಂದ, ಆಳಿಲ್ಲದ ಕಡೂರು ಸ್ಟೇಷನ್ನಿಗೆ ಕೂಡಲೇ ಆರು ಮಂದಿಯನ್ನು ಕಳಿಸತಕ್ಕದ್ದು.

"ಬರೆದವರು ನೀವು. ಆ ಆರೂ ಜನ ನೀವೇ ಆಗಿ" ಎಂದು ಜೀಪು ಹತ್ತಿದರು. ಊರು ಕಾಯಲು ಓಂಕಾರಪ್ಪ ಉಳಿದ.

ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು, "ಬುತ್ತಿ ಒಬ್ಬರಿಗೆ ಕಟ್ಲೋ, ಆರು ಜನಕ್ಕೆ ಕಟ್ಲೋ?" ಎಂದಳು.

ಕಡೂರಿನ ಪ್ಲಾಟ್‌ಫಾರಮ್ಮಿನಲ್ಲಿ ಓಂಕಾರಪ್ಪನ ಖಾಕಿ ಅಂಗಿ ತೊಟ್ಟು, ಲಾಠಿ ಹಿಡಿದು ಆರು ಜನರ ಗಾಂಭೀರ್ಯದಿಂದ ನಿಂತೆ. ಮೂರನೆಯ ದಿನ ಯುದ್ಧ ಮುಗಿಯಿತು. ಅಷ್ಟರಲ್ಲಿ ನನ್ನಿಂದ ನಡೆದ ದೇಶಸೇವೆ ಒಂದೇ. ಪ್ಯಾಸೆಂಜರ್ ಗಾಡಿಯಿಂದಿಳಿದ ಅಜ್ಜಿಯೊಬ್ಬರು ಅಂಗಿ ನೋಡಿ ರೈಲ್ವೆ ಆಳೆಂದುಕೊಂಡು ಕೊಬ್ಬರಿ ಮೂಟೆ ನನ್ನ ತಲೆಗೇರಿಸಿದರು. ನಾನು ಯಾರೆಂದು ವಿವರಿಸಲು ಹೊರಟೆ.

"ಮಾತು ಆಮೇಲಾಡೀಯಂತೆ. ಆ ಕೋಲು ಬಿಸಾಕಿ ಎರಡೂ ಕೈಯಾಗೆ ಹಿಡ್ಕಳಪ್ಪಾ" ಎಂದರು.

ಹಿಡಿದುಕೊಂಡೆ.