ಭಟ್ಟರ ಕಾರಿನ ಅಡಿಯಲ್ಲಿ ಕಂಡದ್ದು

ಇನ್ನೊಬ್ಬರ ಏಳಿಗೆ ಕಂಡು ಸಂತೋಷಪಡುವ ದೊಡ್ಡ ಮನಸ್ಸು ನನಗೆ ದೇವರು ಕೊಟ್ಟಿಲ್ಲ. ಎರ್ನಾಕುಳದ ಬ್ಯಾಂಕಿಗೆ ನಾನು ಮೈಸೂರಿನಿಂದಲೂ ಭಟ್ಟರು ಪುತ್ತೂರಿನಿಂದಲೂ ವರ್ಗವಾಗಿ ಬಂದವರು. ಅಕ್ಕಪಕ್ಕದ ಮನೆ, ಅಕ್ಕಪಕ್ಕದ ಮೇಜು, ಒಂದೇ ಸಂಬಳ, ಒಂದೇ ಬಸ್ಸು. ಅಂಥ ಭಟ್ಟರು ಒಂದು ಹಳೆಯ ಕಾರು ಕೊಂಡುಬಿಟ್ಟರು! ದಾರಿಯಲ್ಲಿ ನಿಲ್ಲಿಸಿ ಕರೆದರೂ ನಾನು ಹತ್ತುತ್ತಿರಲಿಲ್ಲ. "ನಡೆದರೆ ಆರೋಗ್ಯಕ್ಕೆ ಒಳ್ಳೇದು" ಎನ್ನುತ್ತಾ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದೆ. ಮನೆಗೆ ಬಂದರೆ ಹೆಂಡತಿ ಸಾವಿತ್ರಿ, "ಭಟ್ರ ಕಾರಿನ ಸೀಟು ಎಷ್ಟು ಮೆತ್ತಗಿದೆ ಅಂತೀರಿ!" ಎಂದು ಶುರುಮಾಡುತ್ತಿದ್ದಳು.

ಒಂದು ಬುಧವಾರ ನನ್ನ ಕೊಡೆ ಗಾಳಿಗೆ ಉರುಳಿ ಆ ಕಾರಿನ ಅಡಿಗೆ ಹೋಯಿತು. ಬಗ್ಗಿ ನೋಡುತ್ತೇನೆ, ಹಿಂದಿನ ಚಕ್ರದ ಬಳಿ ಒಂದರ ಮೇಲೊಂದು ಜೋಡಿಸಿದ್ದ ಸ್ಪ್ರಿಂಗ್ ಪಟ್ಟಿಗಳಲ್ಲಿ ಎರಡು ಮುರಿದಿವೆ. ಅವನ್ನು ಹೊತ್ತ ಚೌಕಟ್ಟು ಉಪ್ಪುಗಾಳಿಗೆ ತುಕ್ಕು ಹಿಡಿದು ಹಪ್ಪಳದಂತಾಗಿದೆ. ಹೇಳಬೇಕಿತ್ತು. ಹೇಳಲಿಲ್ಲ. ಅಂದು ಎರಡೆರಡು ಸಲ ಸಾರು ಬಡಿಸಿಕೊಂಡು ಉಂಡೆ.

ಓಣಂ ರಜೆಯ ಬೆಳಿಗ್ಗೆ ಹೊರಗೆ ಬಂದರೆ ಸಾವಿತ್ರಿಯೂ ಮಗಳು ಉಷಾಳೂ ಅದೇ ಕಾರಿನಲ್ಲಿ ಕೂತಿದ್ದಾರೆ!

"ತಿರುವನಂತಪುರಕ್ಕೆ ಹೋಗಿ ಬರುವ ಮಾರಾಯ್ರೆ, ನನ್ನ ತಮ್ಮನ ಮನೆಗೆ. ಮಕ್ಕಳಿಗೆ ಝೂ ನೋಡ್ಬೇಕಂತೆ. ನೀವೂ ಹತ್ತಿ" ಎಂದರು ಭಟ್ಟರು.

"ಅಪ್ಪಾ, ವೇಗಂ ವಾ!" ಎಂದು ಉಷಾ ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ ಅವಸರಪಡಿಸಿದಳು.

ನಾನು ಬರಿಗಾಲಲ್ಲೇ ಓಡಿ ಬಾನೆಟ್ಟಿಗೆ ಅಡ್ಡ ನಿಂತೆ. "ಇಳೀರಿ ಎಲ್ಲಾ! ಅಡಿಯಲ್ಲಿ ಸ್ಪ್ರಿಂಗ್ ಮುರಿದಿದೆ!"

"ಹೌದಾ? ಯಾವಾಗ ನೋಡಿದ್ದು?"

"ಈಗ... ಈಗ ತಾನೆ."

ಎಡಪ್ಪಳ್ಳಿಯಿಂದ ಕರೆಸಿದ ಮೇಸ್ತ್ರಿ ಕಾರಿನಡಿಯಿಂದ ತೆವಳಿ ಹೊರಬಂದು, "ಸಾರೇ, ದೈವಂ ಕಾತ್ತು" ಎಂದ. ದೇವರೇ ಕಾಪಾಡಿದ, ಆಲೆಪ್ಪಿ ದಾಟುವುದರೊಳಗೆ ಚಕ್ರವೇ ಕಳಚಿಕೊಳ್ಳುತ್ತಿತ್ತಂತೆ. ಭಟ್ಟರು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ನೆಲ ನೋಡುವುದೇ ಸುಲಭವಾಗಿತ್ತು. ಸಾವಿತ್ರಿ ಒಳಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: "ಬೆಳಿಗ್ಗೆ ನೀವು ಬಗ್ಗಿದ್ದನ್ನ ನಾನು ನೋಡಲೇ ಇಲ್ಲವಲ್ಲ!"

ಭಟ್ಟರು ಆ ಕಾರನ್ನು ಗುಜರಿಗೆ ಹಾಕಿದರು. ಇನ್ನೊಂದು ಕೊಳ್ಳುವಾಗ, "ನೀವು ಅಡಿಗೆ ಬಗ್ಗಿ ನೋಡಿದ ಮೇಲೆಯೇ" ಎಂದು ಹಟ ಹಿಡಿದರು. ಮೂರು ಭಾನುವಾರ ಮಟ್ಟಾಂಚೇರಿಯ ಗಲ್ಲಿಗಳಲ್ಲಿ ಹಳೆಯ ಕಾರುಗಳ ಅಡಿ ಅಂಗಾತ ಮಲಗಿದೆ. ಪಕ್ಕದಲ್ಲಿ ಸಾವಿತ್ರಿ ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಿದ್ದಳು, ಹುಳುಕು ಮುಚ್ಚಿಡಲು ಧೈರ್ಯವಾಗಲಿಲ್ಲ. ಕೊನೆಗೆ ಒಂದು ಸಿಕ್ಕಿತು, ಸಾಸಿವೆಯಷ್ಟೂ ತುಕ್ಕಿಲ್ಲದ್ದು. ಅಂಥ ಕಾರು ನಮ್ಮ ಬ್ಯಾಂಕಿನ ಮೇನೇಜರರ ಹತ್ತಿರವೂ ಇರಲಿಲ್ಲ. ಆರಿಸಿಕೊಟ್ಟವನು ನಾನೇ ಆದ್ದರಿಂದ, ಹೊಟ್ಟೆಯುರಿಯನ್ನು ಯಾರ ಮುಂದೆ ಹೇಳಿಕೊಳ್ಳುವುದೋ ಇವತ್ತಿಗೂ ತಿಳಿದಿಲ್ಲ.