ಫೂರ್ನಿಯೇ ಅಂದರೆ ಏನು?

"ಅದೇನೋ ಫೂರ್ನಿಯೇ ಅಂದ್ಯಲ್ಲ, ಹಾಗಂದ್ರೆ ಏನಪ್ಪ ಅರ್ಥ?"

ಮೈಸೂರಿನಿಂದ ಬಂದು ಮಗನ ಮನೆಯಲ್ಲಿದ್ದ ಲಕ್ಷ್ಮಮ್ಮ ಕಾಫಿ ಕುಡಿಯುತ್ತ ಹೀಗೆ ಕೇಳಿದ್ದೇ ವೀರೇಂದ್ರನ ಭಾನುವಾರ ಕೆಟ್ಟಿತು. ಅವನ ಮಗಳು ಸಿಂಚನಾ ಮೆಚ್ಚಿದ ಹುಡುಗ ಲೂಕ್ ಫೂರ್ನಿಯೇ. ಮೂಲ ಫ್ರಾನ್ಸು, ವಾಸ ಇದೇ ದೇಶದ ಮೆಲ್ಬರ್ನು. ಸಂಜೆ ಐದಕ್ಕೆ ಅಪ್ಪ ಅಮ್ಮನೊಂದಿಗೆ ರೌಸ್ ಹಿಲ್ಲಿನ ಈ ಮನೆಗೆ ಬರುವವನಿದ್ದ. ಅಜ್ಜಿ ಹೂಂ ಅನ್ನದೆ ಉಂಗುರ ಹಾಕಿಸಿಕೊಳ್ಳುವುದಿಲ್ಲವೆಂದು ಸಿಂಚನಾ ಹಟ ಹಿಡಿದಿದ್ದಳು.

"ತಿಳ್ಕೊಂಡು ಹೇಳು. ಆಮೇಲೆ ಹೂಂ ಅಂತೀನೋ ಊಹೂಂ ಅಂತೀನೋ ನೋಡೋಣ."

ವೀರೇಂದ್ರ ಫೋನಿನಲ್ಲಿ ಹುಡುಕಿದ. ರೊಟ್ಟಿ ಸುಡುವವನು, ಊರೊಲೆ ನೋಡಿಕೊಳ್ಳುವವನು ಎಂದಿತ್ತು. ಹಿಂದೆ ಅಲ್ಲಿನ ಹಳ್ಳಿಗಳಲ್ಲಿ ಎಲ್ಲರಿಗೂ ಸೇರಿ ಒಂದು ದೊಡ್ಡ ಒಲೆ ಇರುತ್ತಿತ್ತಂತೆ. ಜನ ಹಿಟ್ಟು ನಾದಿ ತಂದರೆ ಈತ ಸುಟ್ಟು ಕೊಡುವುದು. ಓದಲು ಹಿತವಾಗಿಯೇ ಇತ್ತು, ಅಮ್ಮನೆದುರು ಹೇಳಲು ಮಾತ್ರ ನಾಲಗೆ ಏಳಲಿಲ್ಲ.

ಸಿಹಿ ತರಲು ಇಂಡಿಯನ್ ಅಂಗಡಿಗಳಿರುವ ಹ್ಯಾರಿಸ್ ಪಾರ್ಕ್ ಬಡಾವಣೆಗೆ ಹೋದಾಗ ಗೆಳೆಯ ಇಂದ್ರೇಶನೂ ಅದನ್ನೇ ಕೇಳಿದ. ವೀರೇಂದ್ರ ಒಂಚೂರು ಪಾಲಿಶ್ ಹಾಕಿದ.

"ಬೆಂಕಿ ಆರದ ಹಾಗೆ ನೋಡ್ಕೊಳ್ಳೋರು ಅಂತ."

"ಅಗ್ನಿಹೋತ್ರಿಗಳು ಅನ್ನು ಗುರೂ!"

ವೀರೇಂದ್ರ ಅಲ್ಲ ಎನ್ನಲಿಲ್ಲ. ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಂದ್ರೇಶ ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ. ಜಾಮೂನಿನ ಡಬ್ಬ ಮನೆ ತಲುಪುವಷ್ಟರಲ್ಲಿ ಪಕ್ಕದ ಮನೆಯ ಸಂಧ್ಯಾರಾಣಿ ಬಂದು ಕೂತಾಗಿತ್ತು.

"ಆಂಟಿ, ಅಗ್ನಿಹೋತ್ರಿಗಳಂತೆ! ಏಳುನೂರು ವರ್ಷದಿಂದ ಅವರ ಮನೇಲಿ ಬೆಂಕಿ ಆರೇ ಇಲ್ವಂತೆ! ಪಾಪ, ಮೆಲ್ಬರ್ನ್‌ನಲ್ಲಿ ಸ್ಮೋಕ್ ಅಲಾರ್ಮ್‌ಗೆ ಏನ್ಮಾಡ್ತಾರೋ."

ಆಕೆ ಎದ್ದು ಹೋದ ಮೇಲೆ ಲಕ್ಷ್ಮಮ್ಮ ನಿಧಾನವಾಗಿ ಹೇಳಿದರು: "ಈ ಸಂಬಂಧ ಬೇಡಪ್ಪ."

"ಯಾಕಮ್ಮ? ಅಷ್ಟು ದೊಡ್ಡ ಮನೆತನ!"

"ಅದಕ್ಕೇ ಬೇಡ. ನಿಮ್ಮಪ್ಪ ಛತ್ರದಲ್ಲಿ ಕೋಡಿ ಒಲೆ ಮುಂದೆ ಬೆಂದು ನಿನ್ನ ಓದಿಸಿದ್ದು. ಇಲ್ಲಿ ಯಾರಿಗೂ ನೀನು ಹೇಳಿಲ್ಲ, ಗೊತ್ತು ನಂಗೆ. ನಾಳೆ ಅಂಥ ದೊಡ್ಡೋರು ನಮ್ಮ ಮಗೂನ ಅಡುಗೆಯವನ ಮೊಮ್ಮಗಳು ಅಂತ ಹಂಗಿಸಿದ್ರೆ ನಾನು ಸಹಿಸಲ್ಲ. ಯಾರೋ ರೊಟ್ಟಿ ಸುಡೋರಾಗಿದ್ರೆ ಕಣ್ಮುಚ್ಕೊಂಡು ಹೂಂ ಅಂತಿದ್ದೆ."

ವೀರೇಂದ್ರ ಅಮ್ಮನ ಪಕ್ಕ ಕೂತ. ಅಪ್ಪನ ಕೈ ಮೇಲಿನ ಸುಟ್ಟ ಕಲೆಗಳನ್ನು ನೆನೆದು ಎಷ್ಟು ವರ್ಷಗಳಾಗಿದ್ದವು! ನಾಚಿಕೆಯಾಯಿತು, ಅದರ ಹಿಂದೆಯೇ ಎದೆ ಹಗುರವೂ ಆಯಿತು.

"ಅಮ್ಮಾ, ಅವರೂ ರೊಟ್ಟಿ ಸುಡೋರೇ! ಅಗ್ನಿಹೋತ್ರ ಎಲ್ಲ ಸುಳ್ಳು. ನೋಡು, ಇಲ್ಲಿ ಬರ್ದಿದೆ!"

ಲಕ್ಷ್ಮಮ್ಮ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಹೊರಗೆ ಕಾರು ಬಂದು ನಿಂತ ಸದ್ದಾಯಿತು.

"ನನ್ನ ಒಪ್ಪಿಸೋಕೆ ಅಂತ ಅಂಥೋರ ಮನೆತನಾನೇ ಕೆಳಗಿಳಿಸ್ತೀಯಲ್ಲೋ, ಪಾಪ ಬರತ್ತೆ," ಎಂದು ಮಗನ ತಲೆ ಸವರಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.