ಮಾವ ಕುಡಿದ ಕಳೆನಾಶಕ

"ಇವತ್ತು ಸಂಜೆಯೊಳಗೆ ಈ ಹಿತ್ತಿಲಲ್ಲಿ ಒಂದೇ ಒಂದು ಕಳೆ ತಲೆಯೆತ್ತಿ ನಿಂತಿದ್ದರೆ ನನ್ನ ಹೆಸರು ಬದಲಾಯಿಸಿಬಿಡಿ!" ಎಂದು ಚಾಳೀಸಪ್ಪ ಭಾನುವಾರ ಬೆಳಿಗ್ಗೆ ಘೋಷಿಸಿದ.

ಹೆಸರು ಆಗಲೇ ಬದಲಾಗಿತ್ತು. ಬೀದಿಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟ ತಪ್ಪಿಗೆ ಬೀದಿಯವರೆಲ್ಲ ಸೇರಿ ಅವನಿಗೆ ಹಾಗೆಂದು ನಾಮಕರಣ ಮಾಡಿ ವರ್ಷಗಳೇ ಕಳೆದಿದ್ದವು.

ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಂಗಡೀಲಿ ಔಷಧಿ ಸಿಗತ್ತಲ್ಲ ರೀ, ತಂದು ಹೊಡೀರಿ" ಎಂದಳು.

"ವಿಷ! ನನ್ನ ಮನೆಯೊಳಗೆ ವಿಷ ತರೋದಾ? ನೋಡಿಲ್ಲಿ. ವಿನೆಗರ್, ಉಪ್ಪು, ನಿಂಬೆಹಣ್ಣು, ಪಾತ್ರೆ ತೊಳೆಯೋ ಸೋಪು. ಎಲ್ಲಾ ಅಡುಗೆಮನೇದೇ. ಪೂರ್ತಿ ನೈಸರ್ಗಿಕ!"

"ಸೋಪು ಯಾವ ಗಿಡದಲ್ಲಿ ಬಿಡತ್ತೆ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆಲ್ಲ ಮಹಾಪುರುಷರು ಉತ್ತರ ಕೊಡುವುದಿಲ್ಲ. "ಅಪ್ಪ ಎದ್ದರೆ ನೋಡ್ಕೊಳ್ಳಿ" ಎಂದು ಅವಳು ಟೈಲರ್ ಅಂಗಡಿಗೆ ಹೊರಟುಹೋದಳು.

ಅಪ್ಪ ಎಂದರೆ ಚಾಳೀಸಪ್ಪನ ಮಾವ. ನಿವೃತ್ತ ಜೈಲರ್. ವಾರದ ಹಿಂದೆ ಮಗಳ ಮನೆಗೆ ಬಂದಿದ್ದರು. ಆಡಿದರೆ ಎರಡು ಮಾತು, ನೋಡಿದರೆ ಒಂದೇ ನೋಟ. ಆ ನೋಟ ಮೇಲೆ ಬಿದ್ದರೆ ಸಾಕು, ಮಾಡದ ತಪ್ಪನ್ನೂ ಒಪ್ಪಿಕೊಂಡು ಕೈಮುಗಿದುಬಿಡೋಣ ಎಂದು ಚಾಳೀಸಪ್ಪನಿಗೆ ಅನ್ನಿಸುತ್ತಿತ್ತು.

ಅವನು ಪಾತ್ರೆಯಲ್ಲಿ ವಿನೆಗರ್ ಕಾಯಿಸಿದ, ನೀರು ಬೆರೆಸಿದ, ಉಪ್ಪು ಹಾಕಿದ, ನಿಂಬೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತೇಲಿಬಿಟ್ಟ, ಕೊನೆಗೆ ಸೋಪು ಹಿಂಡಿದ. ಒಂದು ಲೋಟದಷ್ಟನ್ನು ಬಿಸಿಬಿಸಿಯಾಗಿಯೇ ಒಯ್ದು, ಕಲ್ಲುಚಪ್ಪಡಿಯ ಸಂದಿನಲ್ಲಿ ಎದೆಯುಬ್ಬಿಸಿ ನಿಂತಿದ್ದ ಒಂದು ಕಳೆಯ ನೆತ್ತಿಯ ಮೇಲೆ ಸುರಿದ. ಉಳಿದದ್ದು ಬೇಗ ಆರಲೆಂದು ಗಾಜಿನ ಜಗ್ಗಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟ. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಶತ್ರುವಿನ ಅವಸಾನ ನೋಡತೊಡಗಿದ.

ಬಿಸಿಲೇರಿತು. ಕಳೆಯ ಎಲೆ ಮುದುಡಿತು, ಕಪ್ಪಾಯಿತು. ಕೊನೆಗೆ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿ ಗಿಡ ಪ್ರಾಣ ಬಿಟ್ಟಿತು.

"ಭಲೇ! ಒಂದೇ ಗುಟುಕಿಗೆ!" ಎಂದು ಕುಣಿಯುತ್ತಾ ಚಾಳೀಸಪ್ಪ ಉಳಿದ ಅಸ್ತ್ರ ತರಲು ಒಳಗೆ ಬಂದ.

ಫ್ರಿಜ್ಜಿನಲ್ಲಿದ್ದ ಜಗ್ಗು ಊಟದ ಮೇಜಿನ ಮೇಲಿತ್ತು. ಒಳಗಿದ್ದದ್ದು ಅರ್ಧಕ್ಕಿಳಿದಿತ್ತು. ಪಕ್ಕದಲ್ಲಿ ಒಂದು ಖಾಲಿ ಲೋಟ. ಲೋಟದ ತಳದಲ್ಲಿ ನೊರೆ, ನೊರೆಯ ಮೇಲೆ ಒಂದು ನಿಂಬೆಬಿಲ್ಲೆ.

ಕಿಟಕಿಯ ಹತ್ತಿರ ಆರಾಮಕುರ್ಚಿಯಲ್ಲಿ ಮಾವ. ಕಣ್ಣು ಮುಚ್ಚಿತ್ತು. ಮೀಸೆಯ ಮೇಲೆ ನೊರೆ. ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತ್ತು. ಥೇಟ್ ಆ ಕಳೆಯ ಹಾಗೆ!

ಹಿತ್ತಿಲಿನಿಂದ ಹೋಗಬೇಕಿದ್ದ ಕಳೆ ಮೊದಲು ಚಾಳೀಸಪ್ಪನ ಮುಖದಿಂದ ಹೋಯಿತು. ಆಯುಷ್ಯವೆಲ್ಲ ಕೊಲೆಗಾರರನ್ನು ಕಾದ ಮನುಷ್ಯ, ಕೊನೆಗೆ ಅಳಿಯನ ಕೈಯಲ್ಲೇ ಹೋಗುವುದೆಂದರೇನು! ಪೊಲೀಸರು ಬರುತ್ತಾರೆ. ಜೈಲಿನವರಿಗೆ ಮೊದಲೇ ಗೊತ್ತಾಗುತ್ತದೆ, ಇವನು ನಮ್ಮ ಸಾಹೇಬರನ್ನು ಕೊಂದವನು ಅಂತ. ಪೊಲೀಸರಾದರೂ ವಾಸಿ. ಟೈಲರ್ ಅಂಗಡಿಯಿಂದ ಅವಳು ಬಂದರೆ?

"ಮಾವ..." ಎಂದ. ತನ್ನ ಕನ್ನಡಕ ತೆಗೆದು ಮಾವನ ಮೂಗಿನ ಕೆಳಗೆ ಹಿಡಿದ. ಗಾಜು ಮೆಲ್ಲಗೆ ಮಬ್ಬಾಯಿತು. ಉಸಿರಿದೆ!

ಮಾವನ ಒಂದು ಕಣ್ಣು ತೆರೆಯಿತು. "ಏನದು?"

"ಕ... ಕನ್ನಡಕ ಒರೆಸ್ತಿದ್ದೆ ಮಾವ."

"ನನ್ನ ಉಸಿರಿನಿಂದಾ?"

"ಮಾವ, ಆ ಜಗ್ಗಲ್ಲಿದ್ದದ್ದು ನೀವು ಕುಡಿದ್ರಾ?"

"ಹೂಂ. ಒಂದು ಲೋಟ."

"ಹೇಗಿತ್ತು?"

ಮಾವ ಸ್ವಲ್ಪ ಹೊತ್ತು ಸೂರು ನೋಡಿದರು. "ಚೆನ್ನಾಗಿತ್ತು."

ಅದನ್ನು ಕುಡಿದು ಚೆನ್ನಾಗಿತ್ತು ಎನ್ನುತ್ತಾರೆಂದರೆ ವಿಷ ಮಿದುಳಿಗೇರಿದೆ! ಅಷ್ಟರಲ್ಲಿ ಮಾವ ಬಿಕ್ಕಳಿಸಿದರು. ಮೀಸೆಯ ಅಂಚಿನಲ್ಲಿ ಒಂದು ಪುಟ್ಟ ಗುಳ್ಳೆ ಹುಟ್ಟಿ, ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆದು, ಟಪ್ಪೆಂದು ಒಡೆಯಿತು. ಅದರ ಜೊತೆಗೇ ಚಾಳೀಸಪ್ಪನ ಧೈರ್ಯವೂ ಒಡೆಯಿತು. ಹಿಂದಿನ ಬೀದಿಯ ಡಾಕ್ಟರಿಗೆ ಫೋನ್ ಹಚ್ಚಿದ.

"ಡಾಕ್ಟ್ರೇ, ನಮ್ಮ ಮಾವ ಕಳೆನಾಶಕ ಕುಡಿದ್ಬಿಟ್ಟಿದಾರೆ!"

"ಅಯ್ಯೋ! ಯಾವ ಕಂಪನೀದು?"

"ನಂದೇ ಡಾಕ್ಟ್ರೇ!"

ಏನೇನು ಬೆರೆಸಿದ್ದೆಂದು ತೊದಲುತ್ತಾ ಹೇಳಿದ. ಡಾಕ್ಟರು ಕೇಳಿಸಿಕೊಂಡು ಎಂದರು, "ವಾಂತಿ ಮಾಡಿಸೋಕೆ ಹೋಗ್ಬೇಡಿ. ನೀರು ಕುಡಿಸಿ. ಹಾಗೇ ಕರ್ಕೊಂಡು ಬನ್ನಿ."

ಇನ್ನೊಂದು ಫೋನ್ ಬಾಕಿಯಿತ್ತು. ಅದನ್ನು ಮಾಡುವುದಕ್ಕಿಂತ ಜಗ್ಗಿನಲ್ಲಿ ಉಳಿದದ್ದನ್ನು ತಾನೇ ಕುಡಿದುಬಿಡುವುದು ಸುಲಭ ಅನ್ನಿಸಿತು.

"ಅಪ್ಪ ಎದ್ರಾ?" ಎಂದಳು ಹೆಂಡತಿ.

"ಎದ್ದಿದಾರೆ. ಈಗ... ಈಗಿನ್ನೂ ಇದಾರೆ."

"ಈಗಿನ್ನೂ ಅಂದ್ರೆ ಏನ್ರೀ ಅರ್ಥ?"

ಅವನು ಅರ್ಥ ಹೇಳಿದ. "ನಾನೂ ಕ್ಲಿನಿಕ್ಕಿಗೇ ಬರ್ತೀನಿ, ಇರಿ!" ಎಂದು ಅವಳು ಫೋನ್ ಕುಕ್ಕಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನನ್ನು ಆ 'ಇರಿ'ಯಷ್ಟು ಹೆದರಿಸಿದ್ದು ಮತ್ತೊಂದಿಲ್ಲ.

ಕ್ಲಿನಿಕ್ಕಿನವರೆಗೆ ಕಾರು ನಡೆಸುವಾಗ ಅವನು ರಸ್ತೆಗಿಂತ ಹೆಚ್ಚಾಗಿ ಮಾವನ ಮುಖವನ್ನೇ ನೋಡಿದ. "ಮುಂದೆ ನೋಡಿ ಅಳಿಯಂದ್ರೇ. ಕುಡಿದದ್ದರಲ್ಲಿ ಉಳಿದು ಕಾರಲ್ಲಿ ಹೋದೇನು" ಎಂದರು ಮಾವ. ವಾರವಿಡೀ ಅವರಾಡಿದ್ದರಲ್ಲಿ ಅದೇ ಅತಿ ದೊಡ್ಡ ಭಾಷಣ.

ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ರಕ್ತದೊತ್ತಡ ನೋಡಿದರು. ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಒಳನುಗ್ಗಿ, ಗಂಡನ ಕಡೆ ಅಪ್ಪನದೇ ನೋಟವೊಂದನ್ನು ಎಸೆದು ಅಪ್ಪನ ಕೈ ಹಿಡಿದುಕೊಂಡಳು.

"ಗಾಬರಿ ಬೇಡಮ್ಮಾ" ಎಂದರು ಡಾಕ್ಟರು. "ಹೊಟ್ಟೆ ಒಂದಿಷ್ಟು ಉರಿಯುತ್ತೆ ಅಷ್ಟೆ. ನೀರು ಕುಡೀತಾ ಇರಲಿ. ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದ್ರೆ ತಕ್ಷಣ ಕರ್ಕೊಂಡು ಬನ್ನಿ."

ಚಾಳೀಸಪ್ಪ ಕುಸಿದು ಸ್ಟೂಲಿನ ಮೇಲೆ ಕುಳಿತ. ಕಣ್ಣಲ್ಲಿ ನೀರೇ ಬಂತು.

"ಅಲ್ಲಾ ಯಜಮಾನ್ರೇ," ಡಾಕ್ಟರು ಮಾವನ ಕಡೆ ತಿರುಗಿದರು, "ಉಪ್ಪು, ಹುಳಿ, ಮೇಲೆ ಸೋಪು. ಬಾಯಿಗಿಟ್ಟ ತಕ್ಷಣ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ ಪೂರ್ತಿ ಲೋಟ ಯಾಕೆ ಕುಡಿದ್ರಿ?"

ಮಾವ ಮಗಳ ಕಡೆ ನೋಡಿದರು. "ಇವಳು ಹೇಳಿದ್ಳು. 'ಅಪ್ಪ, ನೀವು ಬಂದಿದೀರಿ ಅಂತ ಅವರೇ ಕೈಯಾರೆ ಏನಾದ್ರೂ ಮಾಡಿಡ್ತಾರೆ. ಹೇಗಿದ್ರೂ ಮುಖ ಸಿಂಡರಿಸಬೇಡಿ, ನುಂಗಿಬಿಡಿ' ಅಂತ."

ಹೆಂಡತಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದತೊಡಗಿದಳು.

"ಆದ್ರೂ ಮಾವ," ಚಾಳೀಸಪ್ಪ ಸ್ಟೂಲನ್ನು ಮುಂದಕ್ಕೆಳೆದುಕೊಂಡ, "ನನ್ನ ಮನಸ್ಸು ನೋಯಬಾರದು ಅಂತ ಸೋಪಿನ ನೀರು ಕುಡಿದ್ರಾ?"

"ಅಷ್ಟೇನೂ ಕಷ್ಟ ಆಗ್ಲಿಲ್ಲ" ಎಂದರು ಮಾವ, ಮೀಸೆ ಒರೆಸಿಕೊಳ್ಳುತ್ತಾ. "ನಿನ್ನೆ ನೀವು ಕುಡಿಸಿದ್ದು ಸೂಪು. ಇವತ್ತು ಸೋಪು. ಎರಡರಲ್ಲಿ ಸೋಪೇ ವಾಸಿ."